ಕ್ಯಾರೆಟ್ ಹಲ್ವಾ: ತುಪ್ಪ ಕಡಿಮೆಯಾಗಲಿ, ಹದ ಕೆಡದಿರಲಿ

ಪ್ರಶ್ನೆ: ನಮ್ಮ ಮಾವನವರಿಗೆ ಬರುವ ತಿಂಗಳು ಎಪ್ಪತ್ತು ತುಂಬುತ್ತದೆ. ಮನೆಯಲ್ಲೇ ಭೀಮರಥ ಶಾಂತಿ ಇಟ್ಟುಕೊಂಡಿದ್ದೇವೆ, ಇಪ್ಪತ್ತು ಜನ ಊಟಕ್ಕೆ ಇರುತ್ತಾರೆ. ಅವರಿಗೆ ಕ್ಯಾರೆಟ್ ಹಲ್ವಾ ಎಂದರೆ ಪ್ರಾಣ. ಆದರೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಕೊಲೆಸ್ಟರಾಲ್ ಕೂಡ ಹೆಚ್ಚು. ನಮ್ಮ ಅತ್ತೆಯವರ ಅಳತೆ ಹೀಗಿದೆ: 1 ಕೆ.ಜಿ. ಕ್ಯಾರೆಟ್‌ಗೆ 1 ಲೀಟರ್ ಕೆನೆಭರಿತ ಹಾಲು, 200 ಗ್ರಾಂ ಖೋವಾ, 300 ಗ್ರಾಂ ಸಕ್ಕರೆ, ಗೋಡಂಬಿ ದ್ರಾಕ್ಷಿ ಸೇರಿ 100 ಗ್ರಾಂ, ತುಪ್ಪ ಕೈಗೆ ಬಂದಷ್ಟು. ಕಳೆದ ವಾರ ನಾನು ಖೋವಾ, ತುಪ್ಪ ಎರಡನ್ನೂ ಬಿಟ್ಟು, ಕೆನೆ ತೆಗೆದ ಹಾಲಿನಲ್ಲಿ, ಸಕ್ಕರೆಗೆ ಬದಲು ಬೆಲ್ಲ ಹಾಕಿ ಮಾಡಿದೆ. ಹಾಲು ಒಡೆಯಿತು, ಎಲ್ಲ ನೀರು ನೀರಾಯಿತು, ಕ್ಯಾರೆಟ್‌ನ ಹಸಿ ವಾಸನೆ ಹೋಗಲೇ ಇಲ್ಲ. ಮಾವನವರು ಏನೂ ಅನ್ನದೆ ಎರಡು ಚಮಚ ತಿಂದು ಬಟ್ಟಲನ್ನು ಪಕ್ಕಕ್ಕಿಟ್ಟರು. ಹಗುರವಾಗಿಯೂ ಇರಬೇಕು, ಹಲ್ವಾದಂತೆಯೂ ಇರಬೇಕು, ಇದು ಸಾಧ್ಯವೇ? ಸಕ್ಕರೆಯ ಬದಲು ಸಿಹಿ ಗುಳಿಗೆ ಹಾಕಬಹುದೇ?

ಉತ್ತರ: ಖಂಡಿತ ಸಾಧ್ಯ. ಮಾವನವರು ಬಟ್ಟಲು ಪಕ್ಕಕ್ಕಿಟ್ಟ ಸಂಗತಿಯನ್ನು ಓದಿ ನನಗೂ ಸಂಕಟವಾಯಿತು, ಏಕೆಂದರೆ ನಿಮ್ಮ ಉದ್ದೇಶದಲ್ಲಿ ಯಾವ ತಪ್ಪೂ ಇರಲಿಲ್ಲ. ಆದದ್ದು ಇಷ್ಟೇ: ಭಾರವಾದ ಸಾಮಗ್ರಿಗಳನ್ನೆಲ್ಲ ಒಂದೇ ಸಲಕ್ಕೆ ತೆಗೆದುಬಿಟ್ಟಿರಿ, ಮಾಡುವ ಕ್ರಮವನ್ನು ಮಾತ್ರ ಹಳೆಯದನ್ನೇ ಉಳಿಸಿಕೊಂಡಿರಿ. ಆ ಹಳೆಯ ಕ್ರಮ ನಿಂತಿರುವುದೇ ಧಾರಾಳ ತುಪ್ಪ ಮತ್ತು ಖೋವಾದ ಮೇಲೆ. ಅವು ಇಲ್ಲವೆಂದಾದರೆ ಒಲೆಯ ಮೇಲೆ ಯಾವುದು ಮೊದಲು, ಯಾವುದು ಕೊನೆಗೆ ಎಂಬುದೆಲ್ಲ ಬದಲಾಗಬೇಕು.

ಮೊದಲು ಆ ‘ಕೈಗೆ ಬಂದಷ್ಟು ತುಪ್ಪ’ದ ವಿಷಯ. ನಮ್ಮ ತಾಯಿ ಕೂಡ ಹಾಗೆಯೇ ಹಾಕುತ್ತಿದ್ದರು. ಎಷ್ಟು ಹಾಕುತ್ತೀಯಮ್ಮ ಎಂದು ಕೇಳಿದರೆ ‘ಏನು, ನಾಲ್ಕು ಚಮಚ’ ಎನ್ನುತ್ತಿದ್ದರು. ಒಮ್ಮೆ ಅವರು ಹಲ್ವಾಕ್ಕೆ ಕೂರುವ ಮೊದಲು ತುಪ್ಪದ ಡಬ್ಬಿಯನ್ನು ತೂಗಿ ಇಟ್ಟೆ. ಹಲ್ವಾ ಇಳಿಸಿದ ಮೇಲೆ ಮತ್ತೆ ತೂಗಿದೆ. 150 ಗ್ರಾಂ ಕಡಿಮೆಯಾಗಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಅವರ ಚಮಚವೆಂದರೆ ಸಾರು ಬಡಿಸುವ ಪುಟ್ಟ ಸೌಟು. ಜೊತೆಗೆ ತಳ ಹಿಡಿಯುತ್ತದೆಂಬ ಭಯಕ್ಕೆ ಆಗಾಗ ಸುರಿದದ್ದು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ನೀವೂ ಒಮ್ಮೆ ಹಾಗೆ ತೂಗಿ ನೋಡಿ. ನಿಮ್ಮ ಅತ್ತೆಯವರ ಕೈಯೂ ಅಷ್ಟೇ ಧಾರಾಳವೆಂದು ಇಟ್ಟುಕೊಂಡು ನಾನು ಮುಂದಿನ ಲೆಕ್ಕ ಹಾಕುತ್ತೇನೆ.

1 ಕೆ.ಜಿ. ಕ್ಯಾರೆಟ್‌ನಲ್ಲಿ ಹೆಚ್ಚೆಂದರೆ 400 ಕ್ಯಾಲೊರಿ. ಅದರಲ್ಲಿ ಶೇ 88ರಷ್ಟು ನೀರೇ. ಕೆನೆಭರಿತ ಹಾಲು ಒಂದು ಲೀಟರ್ ಎಂದರೆ 870ರ ಆಸುಪಾಸು, 200 ಗ್ರಾಂ ಖೋವಾ 800, ಸಕ್ಕರೆ 1,200, ತುಪ್ಪ 1,350, ಗೋಡಂಬಿ ದ್ರಾಕ್ಷಿ ಸುಮಾರು 480. ಒಟ್ಟು 5,100. ಹನ್ನೆರಡು ಬಟ್ಟಲು ಮಾಡಿದರೆ ಒಂದರಲ್ಲಿ 425 ಕ್ಯಾಲೊರಿ, 25 ಗ್ರಾಂ ಸಕ್ಕರೆ, 24 ಗ್ರಾಂ ಕೊಬ್ಬು. ದಿನಕ್ಕೆ 2,000 ಕ್ಯಾಲೊರಿ ಉಣ್ಣುವ ಆರೋಗ್ಯವಂತರಿಗೂ ಹೊರಗಿನಿಂದ ಬೆರೆಸಿದ ಸಕ್ಕರೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಡೀ ದಿನದ ಪಾಲು ಈ ಒಂದು ಬಟ್ಟಲಿನಲ್ಲೇ ಮುಗಿಯಿತು. ಈ ಲೆಕ್ಕದಲ್ಲಿ ಕ್ಯಾರೆಟ್‌ನ ಪಾಲು ಹತ್ತರಲ್ಲಿ ಒಂದೂ ಇಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ತರಕಾರಿಯ ಸಿಹಿ ಎಂದು ನಾವು ಮಕ್ಕಳಿಗೆ ಧೈರ್ಯವಾಗಿ ಬಡಿಸುತ್ತೇವೆ; ತಿನ್ನುವುದು ಬಹುಪಾಲು ತುಪ್ಪ ಸಕ್ಕರೆಯನ್ನೇ.

ನಾನು ಸೂಚಿಸುವ ಅಳತೆ ಇದು: ಸಿಪ್ಪೆ ಹೆರೆದ ಕ್ಯಾರೆಟ್ 1 ಕೆ.ಜಿ., ಟೋನ್ಡ್ ಹಾಲು 1 ಲೀಟರ್, ಸಕ್ಕರೆ 100 ಗ್ರಾಂ, ತುಪ್ಪ 30 ಗ್ರಾಂ (ಅಂದರೆ ಎರಡು ದೊಡ್ಡ ಚಮಚ), ಬಾದಾಮಿ ಅಥವಾ ಗೋಡಂಬಿ 20 ಗ್ರಾಂ, ಒಣದ್ರಾಕ್ಷಿ 30 ಗ್ರಾಂ, ಏಲಕ್ಕಿ ಆರು, ಚಿಟಿಕೆ ಉಪ್ಪು, ನಾಲ್ಕು ಎಸಳು ಕೇಸರಿ. ಖೋವಾ ಬೇಡ. ಒಟ್ಟು 1,860 ಕ್ಯಾಲೊರಿ ಆಗುತ್ತದೆ. ಹತ್ತು ಸಣ್ಣ ಬಟ್ಟಲು ಮಾಡಿದರೆ ತಲಾ 185 ಕ್ಯಾಲೊರಿ, 10 ಗ್ರಾಂ ಸಕ್ಕರೆ, 7 ಗ್ರಾಂ ಕೊಬ್ಬು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅತ್ತೆಯವರ ಅಳತೆಯಲ್ಲಿ ಹೆಚ್ಚುಕಡಿಮೆ 1.4 ಕೆ.ಜಿ. ಹಲ್ವಾ ಸಿಗುತ್ತದೆ, ನನ್ನ ಅಳತೆಯಲ್ಲಿ ಮುಕ್ಕಾಲು ಕೆ.ಜಿ. ಮಾತ್ರ. ಹಾಗಾಗಿ ಚಮಚಕ್ಕೆ ಚಮಚ ಹೋಲಿಸಿದರೆ ಕ್ಯಾಲೊರಿ ಮೂರರಲ್ಲಿ ಒಂದು ಪಾಲು ಕಡಿಮೆಯಾಗಿದೆ, ಅಷ್ಟೇ. ಉಳಿದ ಕಡಿತವೆಲ್ಲ ಬಟ್ಟಲು ಚಿಕ್ಕದಾದ್ದರಿಂದ ಬಂದದ್ದು. ಹಗುರದ ಹಲ್ವಾ ಎಂದುಕೊಂಡು ಎರಡು ಬಟ್ಟಲು ತಿಂದರೆ ಹೊರಟಲ್ಲಿಗೇ ಬಂದು ನಿಂತಂತೆ. 75 ಗ್ರಾಂ ಹಿಡಿಯುವ ಪುಟ್ಟ ಬಟ್ಟಲುಗಳನ್ನು ಈಗಲೇ ಹುಡುಕಿ ತೆಗೆದಿಡಿ. ದೊಡ್ಡ ತಟ್ಟೆಯ ಮೂಲೆಯಲ್ಲಿ ಬಡಿಸಿದ 75 ಗ್ರಾಂ ಜಿಪುಣತನದಂತೆ ಕಾಣುತ್ತದೆ. ಪುಟ್ಟ ಬಟ್ಟಲಲ್ಲಿ ತುಂಬಿ ಕೊಟ್ಟರೆ ಅದೇ ಸತ್ಕಾರ.

ಇನ್ನು ಯಾವುದನ್ನು ಏಕೆ ತೆಗೆದೆ, ಏಕೆ ಉಳಿಸಿದೆ ಎಂದು ಹೇಳುತ್ತೇನೆ. ಇದು ಗೊತ್ತಾದರೆ ಮುಂದೆ ಅಳತೆಯನ್ನು ನೀವೇ ಹಿಂದೆಮುಂದೆ ಮಾಡಿಕೊಳ್ಳಬಹುದು.

ಖೋವಾ ಎಂದರೆ ಬತ್ತಿಸಿದ ಹಾಲು, ಬೇರೇನೂ ಅಲ್ಲ. ಒಂದು ಲೀಟರ್ ಹಾಲನ್ನು ಕ್ಯಾರೆಟ್ ಜೊತೆ ಪೂರ್ತಿ ಇಂಗಿಸಿದಿರಿ ಎಂದರೆ ಆ ಬಾಣಲೆಯೊಳಗೇ ಖೋವಾ ಹುಟ್ಟಿದೆ. ಅದರ ಮೇಲೆ ಅಂಗಡಿಯ ಖೋವಾ ಹಾಕುವುದು ಒಂದೇ ಕೆಲಸಕ್ಕೆ ಇಬ್ಬರನ್ನು ಕರೆದಂತೆ. ಹಾಲು ಬತ್ತಿಸುವ ಪುರಸೊತ್ತು ಇಲ್ಲದವರಿಗೆ ಖೋವಾ ಅಡ್ಡದಾರಿಯಾಗಿ ಒದಗುತ್ತದೆ. ಹಾಗೆ ಹಾಕಿದವರು ಹಾಲನ್ನಾದರೂ ಬಿಡಬೇಕು. ನಮ್ಮಲ್ಲಿ ಎರಡೂ ಬೀಳುತ್ತವೆ, ಕೆಲವೆಡೆ ಮೇಲೊಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕ್ ಕೂಡ. 400 ಗ್ರಾಂನ ಅಂಥ ಒಂದು ಡಬ್ಬಿಯಲ್ಲಿ ಸುಮಾರು 1,300 ಕ್ಯಾಲೊರಿ ಇರುತ್ತದೆ, ಹೆಚ್ಚಿನದು ಸಕ್ಕರೆಯಿಂದ.

ಹಾಗೆಂದು ಪೂರ್ತಿ ಕೆನೆ ತೆಗೆದ ಹಾಲಿಗೆ ಹೋಗಬೇಡಿ. ಅದು ಬತ್ತಿದರೂ ಮೈದುಂಬುವುದಿಲ್ಲ, ಬೇಗ ತಳ ಹಿಡಿಯುತ್ತದೆ, ಬಾಯಲ್ಲಿ ನಯ ಸಿಗುವುದಿಲ್ಲ. ಟೋನ್ಡ್ ಹಾಲಿನಲ್ಲಿ ಶೇ 3 ಜಿಡ್ಡು ಇರುತ್ತದೆ, ಕೆನೆಭರಿತ ಹಾಲಿನಲ್ಲಿ ಶೇ 6. ಅಂದರೆ ಲೀಟರಿಗೆ 30 ಗ್ರಾಂ ಕೊಬ್ಬು ಇಲ್ಲೇ ಉಳಿಯಿತು. ಹಲ್ವಾಕ್ಕೆ ಮೈ ಕೊಡಲು ಆ ಶೇ 3 ಸಾಕು.

ತುಪ್ಪದ್ದು ಸ್ವಲ್ಪ ಸೂಕ್ಷ್ಮ ವಿಷಯ. ಹಲ್ವಾದಲ್ಲಿ ಅದು ಮಾಡುವ ಕೆಲಸ ಮೂರು. ತಳ ಹಿಡಿಯದಂತೆ ಕಾಯುತ್ತದೆ, ಕ್ಯಾರೆಟ್‌ನ ಹಸಿತನ ಹೋಗುವಂತೆ ಹುರಿಯುತ್ತದೆ, ಪರಿಮಳ ಕೊಡುತ್ತದೆ. ಮೊದಲನೆಯದಕ್ಕೆ ದಪ್ಪ ತಳದ ಅಗಲ ಬಾಣಲೆ ಮತ್ತು ನಿಮ್ಮ ಕೈ ಸಾಕು. ಎರಡನೆಯದಕ್ಕೆ ಒಂದು ಸಣ್ಣ ಚಮಚ ತುಪ್ಪ ಸಾಕು, ಏಕೆಂದರೆ ಮೊದಲ ಹತ್ತು ನಿಮಿಷ ಕ್ಯಾರೆಟ್ ತನ್ನ ನೀರಲ್ಲೇ ಬಾಡುತ್ತದೆ. ಮೂರನೆಯದಕ್ಕೆ ಮಾತ್ರ ತುಪ್ಪವೇ ಬೇಕು, ಆದರೆ ಅದು ಕೊನೆಗೆ ಬೀಳಬೇಕು. ಆರಂಭದಲ್ಲಿ ಹಾಕಿದ ತುಪ್ಪದ ಘಮ ಒಂದು ಗಂಟೆಯ ಕುದಿತದಲ್ಲಿ ಹಾರಿಹೋಗಿರುತ್ತದೆ; ಜಿಡ್ಡು ಮಾತ್ರ ಉಳಿದಿರುತ್ತದೆ. ಒಲೆ ಆರಿಸುವ ಹೊತ್ತಿಗೆ ಮೇಲಿನಿಂದ ಬಿಟ್ಟ ಒಂದು ಚಮಚ ತುಪ್ಪ ಮೂಗಿಗೆ, ನಾಲಗೆಗೆ ಮೊದಲು ತಾಗುತ್ತದೆ. ತಿನ್ನುವವರಿಗೆ ಇಡೀ ಹಲ್ವಾ ತುಪ್ಪದಲ್ಲಿ ಮಿಂದಂತೆ ಅನಿಸುತ್ತದೆ.

ಪೂರ್ತಿ ತುಪ್ಪ ಬಿಡುವುದು ಇನ್ನೊಂದು ಕಾರಣಕ್ಕೂ ಸರಿಯಲ್ಲ. ಕ್ಯಾರೆಟ್‌ನ ಕೇಸರಿ ಬಣ್ಣಕ್ಕೆ ಕಾರಣವಾದ ಬೀಟಾ ಕ್ಯಾರೊಟಿನ್ ನಮ್ಮ ದೇಹದಲ್ಲಿ ಎ ಜೀವಸತ್ವವಾಗುತ್ತದೆ. ಅದು ಜಿಡ್ಡಿನಲ್ಲಿ ಕರಗುವ ವಸ್ತು. ಊಟದಲ್ಲಿ ಸ್ವಲ್ಪವಾದರೂ ಜಿಡ್ಡು ಇದ್ದರೆ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಕ್ಯಾರೆಟ್ ತುರಿದು ಬೇಯಿಸಿದಾಗ ಅದರ ಜೀವಕೋಶಗಳ ಗೋಡೆ ಸಡಿಲವಾಗಿ ಈ ಕ್ಯಾರೊಟಿನ್ ಹಸಿ ಕ್ಯಾರೆಟ್‌ಗಿಂತ ಸುಲಭವಾಗಿ ಸಿಗುತ್ತದೆ. ಹಾಗಾಗಿ ಹದವಾಗಿ ತುಪ್ಪ ಬಿದ್ದ ಹಲ್ವಾದಲ್ಲಿ ಪೋಷಣೆಯೂ ಇದೆ.

ಸಕ್ಕರೆಯ ವಿಷಯಕ್ಕೆ ಬರೋಣ. ಒಂದು ಕೆ.ಜಿ. ಕ್ಯಾರೆಟ್‌ನಲ್ಲಿ 45ರಿಂದ 50 ಗ್ರಾಂ ಅದರದ್ದೇ ಸಕ್ಕರೆ ಇದೆ. ಒಂದು ಲೀಟರ್ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಲ್ಯಾಕ್ಟೋಸ್ ಇದೆ, ಅದರ ಸಿಹಿ ತೀರಾ ಮಂದ. ನೀರು ಆರಿದಂತೆ ಈ ಸಿಹಿಯೆಲ್ಲ ಒತ್ತಾಗುತ್ತದೆ. ಹಾಲು ಇಂಗಿದ ಮೇಲೆ, ಸಕ್ಕರೆ ಹಾಕುವ ಮೊದಲು ಒಂದು ಚಮಚ ಬಾಯಿಗೆ ಹಾಕಿಕೊಳ್ಳಿ. ಅದಾಗಲೇ ಎಷ್ಟು ಸಿಹಿಯಿದೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ನಾವು ಮೊದಲೇ ಅಳೆದು ಸುರಿಯುವುದರಿಂದ ಈ ರುಚಿ ನಮಗೆ ಪರಿಚಯವೇ ಆಗಿಲ್ಲ. ಮೊದಲು 70 ಗ್ರಾಂ ಹಾಕಿ, ರುಚಿ ನೋಡಿ, ಬೇಕಾದರೆ ಮಾತ್ರ ಉಳಿದ 30 ಹಾಕಿ.

ಈಗ ಒಲೆಯ ಮುಂದೆ ಬನ್ನಿ.

ಕ್ಯಾರೆಟ್ ಎಳೆಯದಾಗಿರಲಿ. ಉದ್ದಕ್ಕೆ ಸೀಳಿ ನೋಡಿ. ನಡುವಿನ ದಿಂಡು ಹಳದಿಯಾಗಿ, ಗಟ್ಟಿಯಾಗಿದ್ದರೆ ತೆಗೆದುಬಿಡಿ, ಅದು ಎಷ್ಟು ಬೇಯಿಸಿದರೂ ನಾರುನಾರಾಗಿಯೇ ಇರುತ್ತದೆ. ತುರಿಯುವ ಮಣೆಯ ದಪ್ಪ ಕಣ್ಣಿನಲ್ಲಿ, ಕೈಯಲ್ಲೇ ತುರಿಯಿರಿ. ಮಿಕ್ಸಿಗೆ ಹಾಕಿದರೆ ರಸ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಕುಕ್ಕರ್ ಕೂಡ ಬೇಡವೆನ್ನುತ್ತೇನೆ: ಆವಿಯೊಳಗೆ ಬೆಂದ ಕ್ಯಾರೆಟ್ ಮೆತ್ತಗಾಗುತ್ತದೆ ನಿಜ, ಅದರ ಹಸಿ ವಾಸನೆಗೆ ಮಾತ್ರ ಹೊರಹೋಗಲು ದಾರಿ ಸಿಗುವುದಿಲ್ಲ. ನಿಮ್ಮ ಕಳೆದ ವಾರದ ತೊಂದರೆಯೂ ಇದೇ ಇದ್ದಿರಬೇಕು. ಹುರಿಯದೆ ನೇರವಾಗಿ ಹಾಲಿನಲ್ಲಿ ಬೇಯಿಸಿದ್ದೀರಿ ಎಂದು ಊಹಿಸುತ್ತೇನೆ. ಆ ವಾಸನೆ ಬಿಸಿಗೆ ಹಾರಿಹೋಗುವಂಥದ್ದು. ತೆರೆದ ಬಾಣಲೆಯಲ್ಲಿ ಒಣ ಬಿಸಿ ತಗುಲಿದರೆ ಸಾಕು.

ಎರಡು ಒಲೆ ಹಚ್ಚಿ. ಒಂದರ ಮೇಲೆ ಅಗಲ ಪಾತ್ರೆಯಲ್ಲಿ ಹಾಲು ಇಡಿ. ಉಕ್ಕಿದ ಮೇಲೆ ಉರಿ ಮಧ್ಯಮಕ್ಕೆ ತಂದು ಅರ್ಧ ಲೀಟರಿಗೆ ಇಳಿಯುವವರೆಗೆ ಕಾಯಿಸಿ, ಇಪ್ಪತ್ತೈದು ನಿಮಿಷ ಹಿಡಿಯಬಹುದು. ಪಾತ್ರೆಯ ಬದಿಗೆ ಅಂಟುವ ಕೆನೆಯನ್ನು ಆಗಾಗ ಚಮಚದಿಂದ ಕೆರೆದು ಹಾಲಿಗೇ ಬಿಡಿ. ಹಲ್ವಾ ತಿನ್ನುವಾಗ ನಾಲಗೆಗೆ ಅಲ್ಲಲ್ಲಿ ಸಿಗುವ ಮೃದುವಾದ ಕಾಳುಕಾಳು ಖೋವಾ ಇದೆಯಲ್ಲ, ಅದು ಈ ಕೆರೆದು ಬಿಟ್ಟ ಕೆನೆಯೇ. ಇದನ್ನು ಬಿಟ್ಟರೆ ಹಗುರದ ಹಲ್ವಾ ಸಪ್ಪೆಯಾಗುತ್ತದೆ. ನನ್ನನ್ನು ಕೇಳಿದರೆ ಇಡೀ ಅಡುಗೆಯಲ್ಲಿ ಗಮನ ಕೊಡಲೇಬೇಕಾದ ಕೆಲಸ ಇದೊಂದೇ.

ಇನ್ನೊಂದು ಒಲೆಯಲ್ಲಿ ದಪ್ಪ ತಳದ ಬಾಣಲೆ. ಅದರಲ್ಲಿ ಒಂದು ಸಣ್ಣ ಚಮಚ ತುಪ್ಪ, ತುರಿದ ಕ್ಯಾರೆಟ್ ಅಷ್ಟೂ, ಚಿಟಿಕೆ ಉಪ್ಪು. ಮುಚ್ಚಳ ಬೇಡ. ಮಧ್ಯಮ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಮಗುಚುತ್ತಿರಿ. ಮೊದಲು ಸುಯ್ ಎಂದು ನೀರಿನ ಸದ್ದು ಬರುತ್ತದೆ, ಮುಖಕ್ಕೆ ಹಸಿ ಕ್ಯಾರೆಟ್‌ನ ಮಣ್ಣು ಬೆರೆತ ವಾಸನೆಯ ಆವಿ ಹೊಡೆಯುತ್ತದೆ. ಹತ್ತು ನಿಮಿಷದ ಮೇಲೆ ಸದ್ದು ಚರಚರ ಎನ್ನುವ ಒಣ ಸದ್ದಿಗೆ ತಿರುಗುತ್ತದೆ. ತುರಿ ಅರ್ಧಕ್ಕೆ ಕುಗ್ಗಿ, ಮಂಕು ಬಣ್ಣ ಹೋಗಿ ಗಾಜಿನಂತೆ ಹೊಳೆಯತೊಡಗುತ್ತದೆ. ಆಗ ಬರುವ ಆವಿಯ ವಾಸನೆಯೇ ಬೇರೆ, ಹುರಿದ ಜೋಳದ ನೆನಪು ತರುವ ಸಿಹಿ ವಾಸನೆ. ಒಂದು ಎಳೆ ತೆಗೆದು ಬೆರಳುಗಳ ನಡುವೆ ಒತ್ತಿ ನೋಡಿ. ಮುರಿಯದೆ ಮಣಿದರೆ ಹಾಲು ಸೇರಿಸುವ ಹೊತ್ತು.

ಬತ್ತಿದ ಬಿಸಿ ಹಾಲನ್ನು ಬಾಣಲೆಗೆ ಸುರಿದು ಬೆರೆಸಿ. ತಣ್ಣನೆಯ ಹಾಲು ಹಾಕಬೇಡಿ, ಹಳೆಯ ಹಾಲಂತೂ ಬೇಡವೇ ಬೇಡ. ಇಲ್ಲಿಂದ ಇಪ್ಪತ್ತು ಇಪ್ಪತ್ತೈದು ನಿಮಿಷ. ಆಗಾಗ ಕೈಯಾಡಿಸಿದರೆ ಸಾಕು. ಕೊನೆಯ ಐದು ನಿಮಿಷ ಮಾತ್ರ ಬಿಡದೆ ಮಗುಚಬೇಕು. ಹಾಲು ಪೂರ್ತಿ ಇಂಗಿ ತುರಿಗೆ ಅಂಟಿಕೊಂಡಾಗ ಸಕ್ಕರೆ ಹಾಕಿ.

ಸಕ್ಕರೆ ಇಷ್ಟು ತಡವಾಗಿ ಏಕೆ? ಸಕ್ಕರೆ ಬಿದ್ದ ಮೇಲೆ ಕ್ಯಾರೆಟ್ ಮತ್ತೆ ಮೆತ್ತಗಾಗುವುದು ಕಷ್ಟ. ಅದು ತುರಿಯೊಳಗಿನ ನೀರನ್ನು ಎಳೆದುಕೊಂಡು ಎಳೆಗಳನ್ನು ಬಿಗಿ ಮಾಡುತ್ತದೆ. ಪೂರ್ತಿ ಬೆಂದ ಮೇಲೆ ಹಾಕಿದರೆ ಆ ಚಿಂತೆ ಇಲ್ಲ. ಹಾಕಿದ ಕೂಡಲೇ ಗಟ್ಟಿಯಾಗಿದ್ದ ಹಲ್ವಾ ಮತ್ತೆ ತೆಳ್ಳಗಾಗುತ್ತದೆ, ಹೆದರಬೇಡಿ. ಇನ್ನು ಏಳೆಂಟು ನಿಮಿಷದಲ್ಲಿ ಹದಕ್ಕೆ ಬರುತ್ತದೆ.

ಹದ ಗೊತ್ತಾಗುವುದು ಹೇಗೆ? ಇಲ್ಲೇ ಹಲವರು ಎಡವುತ್ತಾರೆ. ‘ತುಪ್ಪ ಬಿಟ್ಟುಕೊಂಡಾಗ ಇಳಿಸಬೇಕು’ ಎಂಬುದು ಹಿರಿಯರು ಹೇಳಿಕೊಟ್ಟ ಗುರುತು. ಇದರಲ್ಲಿ ಬಿಟ್ಟುಕೊಳ್ಳಲು ತುಪ್ಪವೇ ಇಲ್ಲ! ಆ ಗುರುತಿಗೆ ಕಾಯುತ್ತ ನಿಂತರೆ ಹಲ್ವಾ ಒಣಗಿ ಪುಡಿಪುಡಿಯಾಗುತ್ತದೆ, ಇಲ್ಲವೇ ಗಾಬರಿಯಲ್ಲಿ ತುಪ್ಪ ಸುರಿಯುತ್ತೀರಿ. ಹೊಸ ಗುರುತು ಇಟ್ಟುಕೊಳ್ಳಿ. ಮಗುಚುವ ಕೈಯಿಂದ ಬಾಣಲೆಯ ನಡುವೆ ಒಂದು ಗೀಟು ಎಳೆಯಿರಿ. ತಳ ಕಂಡು, ಎರಡು ಕ್ಷಣ ಹಾಗೆಯೇ ಇದ್ದು, ಆಮೇಲೆ ನಿಧಾನವಾಗಿ ಮುಚ್ಚಿಕೊಂಡರೆ ಸರಿಯಾದ ಹದ. ತಕ್ಷಣ ಮುಚ್ಚಿಕೊಂಡರೆ ಇನ್ನೂ ನೀರಿದೆ. ಮುಚ್ಚಿಕೊಳ್ಳದೇ ಹೋದರೆ ಮೀರಿದೆ, ಎರಡು ಚಮಚ ಬಿಸಿ ಹಾಲು ಚಿಮುಕಿಸಿ. ಆರಿದ ಮೇಲೆ ಹಲ್ವಾ ಇನ್ನಷ್ಟು ಗಟ್ಟಿಯಾಗುತ್ತದೆ, ಆದ್ದರಿಂದ ಒಂದು ಕೂದಲೆಳೆ ಮೊದಲೇ ಇಳಿಸುವುದು ಲೇಸು.

ಒಲೆ ಆರಿಸಿ. ಆಗಲೇ ಕುಟ್ಟಿದ ಏಲಕ್ಕಿ, ಬಿಸಿ ಹಾಲಿನಲ್ಲಿ ನೆನೆಸಿದ ಕೇಸರಿ ಸೇರಿಸಿ. ಏಲಕ್ಕಿಗೆ ಸ್ವಂತ ಸಿಹಿ ಇಲ್ಲ. ಆದರೆ ಹುಟ್ಟಿದಾಗಿನಿಂದ ನಾವು ಅದನ್ನು ಪಾಯಸದಲ್ಲಿ, ಹೋಳಿಗೆಯಲ್ಲಿ ಮೂಸಿದವರು. ಅದರ ಘಮ ಬಂದರೆ ನಾಲಗೆ ತಾನಾಗಿಯೇ ಸಿಹಿಯನ್ನು ನಿರೀಕ್ಷಿಸುತ್ತದೆ. ಸಕ್ಕರೆ ಕಡಿಮೆ ಇರುವಲ್ಲಿ ಏಲಕ್ಕಿಗೆ ಜಿಪುಣತನ ಬೇಡ, ಹಳೆಯ ಪುಡಿಯೂ ಬೇಡ. ಉಳಿದ ತುಪ್ಪದಲ್ಲಿ ಸೀಳಿದ ಬಾದಾಮಿಯನ್ನು ಹೊಂಬಣ್ಣಕ್ಕೆ ಹುರಿದು, ದ್ರಾಕ್ಷಿ ಉಬ್ಬಿಸಿ, ತುಪ್ಪದ ಸಮೇತ ಮೇಲೆ ಸುರಿಯಿರಿ. ಬೀಜಗಳನ್ನು ಒಳಗೆ ಕಲಸಬೇಡಿ. ಕಲಸಿದರೆ 20 ಗ್ರಾಂ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಮೇಲೆ ಇದ್ದರೆ ಪ್ರತಿ ಬಟ್ಟಲಿಗೂ ಕಾಣುವಷ್ಟು ಸಿಗುತ್ತದೆ.

ಹಲ್ವಾ ಬೆಚ್ಚಗಿರುವಾಗಲೇ ಬಡಿಸಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಹಲ್ವಾದಲ್ಲಿ ಅದೇ ಸಕ್ಕರೆ ಕಡಿಮೆ ಸಿಹಿಯಾಗಿ ತಿಳಿಯುತ್ತದೆ.

ಬೆಲ್ಲದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಬೆಲ್ಲಕ್ಕೆ ಬದಲಾಯಿಸಿದರೆ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎಂಬ ನಂಬಿಕೆ ಮನೆಮನೆಯಲ್ಲಿದೆ. 100 ಗ್ರಾಂ ಸಕ್ಕರೆಯಲ್ಲಿ 400 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ 380ರ ಸುಮಾರು. ಬೆಲ್ಲದ ಬಹುಪಾಲು ಸಕ್ಕರೆಯೇ, ರಕ್ತಕ್ಕೆ ಸೇರುವುದೂ ಸಕ್ಕರೆಯಾಗಿಯೇ. ಅದರಲ್ಲಿರುವ ಖನಿಜಗಳು ಒಂದು ಬಟ್ಟಲು ಹಲ್ವಾದಲ್ಲಿ ಲೆಕ್ಕಕ್ಕೆ ಬರುವಷ್ಟಿಲ್ಲ. ಖರ್ಜೂರದ ಕಥೆಯೂ ಇದೇ. ಹಾಲು ಒಡೆದದ್ದೂ ಬೆಲ್ಲದಿಂದಲೇ: ಅದರಲ್ಲಿನ ಹುಳಿ ಅಂಶ ಮತ್ತು ಲವಣಗಳು ಕುದಿಯುವ ಹಾಲನ್ನು ಒಡೆಯುತ್ತವೆ. ಬೆಲ್ಲದ ರುಚಿಯೇ ಬೇಕೆಂದಿದ್ದರೆ ಸ್ವಲ್ಪ ನೀರಲ್ಲಿ ಕರಗಿಸಿ, ಸೋಸಿ, ಗಟ್ಟಿ ಪಾಕ ಮಾಡಿ, ಹಾಲು ಪೂರ್ತಿ ಇಂಗಿ ಒಲೆ ಆರಿಸಿದ ಮೇಲೆ ಸೇರಿಸಿ. ಆರೋಗ್ಯದ ಹೆಸರಿನಲ್ಲಿ ಮಾತ್ರ ಬೇಡ.

ಸಿಹಿ ಗುಳಿಗೆ ಹಾಕಬಹುದೇ ಎಂದು ಕೇಳಿದ್ದೀರಿ. ಆಸ್ಪರ್ಟೇಮ್ ಇರುವ ಗುಳಿಗೆ ಬಿಸಿಗೆ ಸಿಹಿ ಕಳೆದುಕೊಳ್ಳುತ್ತದೆ, ಅಡುಗೆಗೆ ಒಗ್ಗುವುದಿಲ್ಲ. ಸುಕ್ರಲೋಸ್, ಸ್ಟೀವಿಯಾ ಬಿಸಿಯನ್ನು ತಡೆಯುತ್ತವೆ. ಆದರೆ ಸಕ್ಕರೆ ಕೊಡುವುದು ಸಿಹಿಯನ್ನಷ್ಟೇ ಅಲ್ಲ. ಹಲ್ವಾದ ಹೊಳಪು, ಎಳೆಎಳೆ ಅಂಟುವ ಗುಣ ಅದರಿಂದ ಬರುತ್ತದೆ. ಗುಳಿಗೆ ಹಾಕಿದ ಹಲ್ವಾ ಮಂಕಾಗಿ, ಸಡಿಲವಾಗಿ, ಸಿಹಿಯಾದ ಪಲ್ಯದಂತೆ ಇರುತ್ತದೆ, ಕೆಲವರ ನಾಲಗೆಗೆ ಕೊನೆಯಲ್ಲಿ ಕಹಿಯೂ ತಗಲುತ್ತದೆ. ತೂಕ ಇಳಿಸುವ ದಾರಿಯಾಗಿ ಇಂಥ ಕೃತಕ ಸಿಹಿಗಳನ್ನು ನೆಚ್ಚಿಕೊಳ್ಳಬೇಡಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರನ್ನು ಕುರಿತದ್ದಲ್ಲ. ಹಾಗಾಗಿ ನಿಮ್ಮ ಮಾವನವರು ಬಳಸಲೇಬಾರದು ಎನ್ನುವುದಿಲ್ಲ. ವರ್ಷಕ್ಕೊಮ್ಮೆ ಬರುವ ದಿನಕ್ಕೆ ನಿಜವಾದ ಸಕ್ಕರೆಯ ಪುಟ್ಟ ಬಟ್ಟಲೇ ಹೆಚ್ಚು ಮರ್ಯಾದೆಯ ದಾರಿ ಎಂಬುದು ನನ್ನ ಅಭಿಪ್ರಾಯ. ಉಳಿದವರಿಗೊಂದು, ಅವರಿಗೊಂದು ಎಂದು ಬೇರೆ ಮಾಡಿ ತಮ್ಮದೇ ಶಾಂತಿಯ ದಿನ ಅವರನ್ನು ರೋಗಿಯಂತೆ ಕೂರಿಸಬೇಡಿ. ಎಲ್ಲರೂ ಇದೇ ಹಲ್ವಾ ತಿನ್ನಲಿ.

ಅವರ ಬಟ್ಟಲಿನ ಲೆಕ್ಕ ಹೀಗಿದೆ. ಸೇರಿಸಿದ ಸಕ್ಕರೆ, ಕ್ಯಾರೆಟ್, ಹಾಲು, ದ್ರಾಕ್ಷಿ ಎಲ್ಲ ಕೂಡಿ 24 ಗ್ರಾಂ ಶರ್ಕರಪಿಷ್ಟವಾಗುತ್ತದೆ, ಒಂದು ಚಪಾತಿಯದ್ದಕ್ಕಿಂತ ತುಸು ಹೆಚ್ಚು. ಆ ದಿನದ ಊಟದಲ್ಲಿ ಅಷ್ಟು ಅನ್ನ ಕಡಿಮೆ ಮಾಡಲಿ. ಖಾಲಿ ಹೊಟ್ಟೆಯಲ್ಲಿ ಬೇಡ. ಕೋಸಂಬರಿ, ಪಲ್ಯ, ಬೇಳೆ ಹೊಟ್ಟೆಗೆ ಬಿದ್ದ ಮೇಲೆ ಕೊನೆಗೆ ತಿನ್ನಲಿ. ಪಾಯಸ, ಹೋಳಿಗೆ, ಹಲ್ವಾ ಮೂರೂ ಎಲೆಗೆ ಬಿದ್ದರೆ ನನ್ನ ಲೆಕ್ಕವೆಲ್ಲ ವ್ಯರ್ಥ. ಸಿಹಿ ಒಂದೇ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಅಥವಾ ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಅವರ ವೈದ್ಯರಿಗೆ ಈ 24 ಗ್ರಾಂ ಲೆಕ್ಕವನ್ನು ಮೊದಲೇ ಹೇಳಿ ಕೇಳಿ. ಹೀಗೆ ಅಂಕಿ ಹಿಡಿದು ಕೇಳಿದರೆ ಅವರಿಗೂ ಉತ್ತರಿಸುವುದು ಸುಲಭ.

ಯಾವ ಕ್ಯಾರೆಟ್ ಎಂಬುದೂ ಮುಖ್ಯವೇ. ನಮ್ಮಲ್ಲಿ ವರ್ಷವಿಡೀ ಸಿಗುವುದು ಊಟಿ ಕಡೆಯದೋ ಮಾಲೂರು ಕಡೆಯದೋ ಕೇಸರಿ ಬಣ್ಣದ್ದು. ಚಳಿಗಾಲದಲ್ಲಿ ಬರುವ ಉದ್ದನೆಯ ಕೆಂಪು ಗಜ್ಜರಿ, ದೆಹಲಿ ಕ್ಯಾರೆಟ್ ಎಂದು ಬೆಂಗಳೂರಿನ ಮಾರುಕಟ್ಟೆಯಲ್ಲಿ ಕರೆಯುವುದು, ಹಲ್ವಾಕ್ಕೆ ಹೇಳಿ ಮಾಡಿಸಿದ್ದು. ಉತ್ತರ ಭಾರತದ ಗಾಜರ್ ಹಲ್ವಾ ಹುಟ್ಟಿದ್ದೇ ಈ ಕೆಂಪು ತಳಿಯ ಮೇಲೆ. ಟೊಮೆಟೊ, ಕಲ್ಲಂಗಡಿಯಲ್ಲಿರುವ ಲೈಕೋಪಿನ್ ಎಂಬ ವಸ್ತುವೇ ಇದಕ್ಕೂ ಕೆಂಪು ಕೊಡುವುದು. ರಸ ಹೆಚ್ಚು, ಸಿಹಿ ಹೆಚ್ಚು. ನಿಮ್ಮ ಕಾರ್ಯಕ್ರಮ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಬಿದ್ದರೆ ಅದನ್ನೇ ತನ್ನಿ. ಆಗ 80 ಗ್ರಾಂ ಸಕ್ಕರೆ ಸಾಕಾಗುತ್ತದೆ. ರಸ ಹೆಚ್ಚಿರುವುದರಿಂದ ಹುರಿಯುವ ಸಮಯ ಮಾತ್ರ ಐದು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ಕೊನೆಯದಾಗಿ ಇಪ್ಪತ್ತು ಜನರ ವಿಷಯ. ನಿಮಗೆ 2 ಕೆ.ಜಿ. ಕ್ಯಾರೆಟ್‌ನ ಹಲ್ವಾ ಬೇಕಾಗುತ್ತದೆ. ಅಷ್ಟನ್ನೂ ಒಂದೇ ಬಾಣಲೆಗೆ ಹಾಕಬೇಡಿ. ನೀರು ಆರುವುದು ಮೇಲ್ಮೈಯಿಂದ; ಬಾಣಲೆಯಲ್ಲಿ ರಾಶಿ ಎತ್ತರವಾದರೆ ಮೇಲಿನದು ಹಬೆಯಲ್ಲಿ ಬೆಂದು ಮುದ್ದೆಯಾಗುತ್ತದೆ, ಕೆಳಗಿನದು ಸೀಯುತ್ತದೆ. ಆಗ ಮತ್ತೆ ತುಪ್ಪದ ಡಬ್ಬಿಯ ಕಡೆ ಕೈ ಹೋಗುತ್ತದೆ. ಒಂದೊಂದು ಕೆ.ಜಿ.ಯಂತೆ ಎರಡು ಸಲ ಮಾಡಿ, ಹಿಂದಿನ ದಿನವೇ ಮುಗಿಸಿ. ಇಷ್ಟು ಕಡಿಮೆ ಸಕ್ಕರೆ, ಕಡಿಮೆ ತುಪ್ಪದ ಹಲ್ವಾ ಅತ್ತೆಯವರ ಹಲ್ವಾದಂತೆ ಹೊರಗಿಟ್ಟರೆ ತಾಳುವುದಿಲ್ಲ. ಆರಿದ ಕೂಡಲೇ ಮುಚ್ಚಿ ಫ್ರಿಜ್‌ನಲ್ಲಿಡಿ. ಉಳಿದರೆ ಮೂರು ದಿನದೊಳಗೆ ಮುಗಿಸಿಬಿಡಿ. ಹಿಂದಿನ ದಿನ ಒಲೆ ಆರಿಸುವ ಹಂತದವರೆಗೆ ಮಾತ್ರ ಮಾಡಿಟ್ಟುಕೊಳ್ಳಿ, ಏಲಕ್ಕಿ ಹಾಕಬೇಡಿ. ಮರುದಿನ ಎಲೆ ಹಾಕುವ ಅರ್ಧ ಗಂಟೆ ಮೊದಲು ಕಾಲು ಲೋಟ ಹಾಲು ಚಿಮುಕಿಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಏಲಕ್ಕಿ ಕುಟ್ಟಿ ಹಾಕಿ, ಉಳಿಸಿಟ್ಟ ತುಪ್ಪದಲ್ಲಿ ಬಾದಾಮಿ ಹುರಿದು ಎಲ್ಲರೂ ಕುಳಿತ ಮೇಲೆ ಸುರಿಯಿರಿ. ಆ ಘಮ ಊಟದ ಪಂಕ್ತಿಯವರೆಗೆ ಹೋಗಲಿ. ಮೊದಲ ಬಟ್ಟಲು ಮಾವನವರಿಗೆ.